ಘಾಟಿಯಲ್ಲಿ ಸೀಟು ಬದಲಾಯಿಸಿದ ಕಥೆ

ಜಾಂಗಿ-ತಲಾಪ್,
27 ಆಗಸ್ಟ್ 2014, ಬುಧವಾರ

ನಮ್ಮ ಮನೆಯ ಯಜಮಾನರಿಗೆ ಝೂರಾಳ ಸಲಾಮು.

ನಾನು ಚೆನ್ನಾಗಿದ್ದೇನೆ. ಹಸು ಚೆನ್ನಾಗಿದೆ. ನಿಮ್ಮ ಮುದ್ದಿನ ನಾಯಿ ನೀವು ಹೋದ ಮೇಲೆ ಎರಡು ದಿನ ಗೇಟಿನ ಬಳಿ ಉಪವಾಸ ಮಲಗಿತ್ತು, ಮೂರನೆಯ ದಿನ ನಿಮ್ಮನ್ನು ಮರೆತು ಮೂಳೆ ಕಡಿಯತೊಡಗಿತು. ನಿಮ್ಮ ತೊಡೆಯ ಮೂಳೆ ಕೂಡಿಕೊಳ್ಳುತ್ತಿದೆ ಎಂದು ಡಾಕ್ಟರು ಹೇಳಿದರಂತೆ, ಬಾರ್ಚಿನ್ ಫೋನಿನಲ್ಲಿ ವಿಚಾರಿಸಿ ತಿಳಿಸಿದಳು. ಕಾಗದ ತಡವಾಯಿತೆಂದು ಬೈಯಬೇಡಿ. ನೀವೇನೋ ಬಣವೆಯ ಮೇಲಿಂದ ಜಾರಿಬಿದ್ದು ಬಿಷ್ಕೆಕ್ ಸೇರಿದಿರಿ, ಅರ್ಧ ಹುಲ್ಲು ಹೊಲದಲ್ಲೇ ಉಳಿದಿತ್ತು. ಅದನ್ನೆಲ್ಲ ತಂದು ಒಟ್ಟಿ ಮುಗಿಸುವ ಹೊತ್ತಿಗೆ ನನ್ನ ಬೆರಳುಗಳು ಪೆನ್ನು ಹಿಡಿಯುವ ಹಾಗಿರಲಿಲ್ಲ. ಫೋನು ಮಾಡಬಹುದಿತ್ತಲ್ಲ ಅನ್ನುತ್ತೀರಿ. ನೀವು ಫೋನಿನಲ್ಲಿ ಮಾತಾಡುವ ದನಿಗೆ ವಾರ್ಡಿನ ಆರು ಜನಕ್ಕೂ ನಮ್ಮ ಮನೆಯ ಸಂಗತಿ ಗೊತ್ತಾಗುತ್ತದೆ. ಈಗ ಬರೆಯುವುದು ಅವರಿಗೆ ಗೊತ್ತಾಗುವುದು ಬೇಡ.

ಮೊದಲು ಸಂತೋಷದ ಸುದ್ದಿ. ಜೀಪು ಎದ್ದಿತು! ಜೂನ್‌ನಿಂದ ಕೋಳಿಗಳಿಗೆ ಮನೆಯಾಗಿತ್ತಲ್ಲ, ಆ ಕೋಳಿಗಳನ್ನೆಲ್ಲ ಓಡಿಸಿ ಬಾನೆಟ್ ಎತ್ತಿದೆ. ಬಾರ್ಚಿನ್ ನಾರಿನ್‌ನಿಂದ ಶಾಲೆ ತೆರೆಯುವ ಮುಂಚೆ ಅವರಮ್ಮ ಸೋನುನ್‌ಳನ್ನು ನೋಡಲು ಬಂದವಳು, ಅಲ್ಲಿ ಒಂದು ಬಟ್ಟಲು ಚಹಾ ಕುಡಿದು ನೇರ ನಮ್ಮ ಅಂಗಳಕ್ಕೆ ಬಂದಳು. ಇಬ್ಬರೂ ಸೇರಿ ಕಾರ್ಬುರೇಟರ್ ಬಿಚ್ಚಿ ತೊಳೆದು, ಬೆಲ್ಟ್ ಬದಲಾಯಿಸಿ, ನಾಲ್ಕನೆಯ ದಿನ ಕೀಲಿ ತಿರುಗಿಸಿದಾಗ ಅದು ಕೆಮ್ಮಿತು, ಉಗುಳಿತು, ಕೊನೆಗೆ ಗುಡುಗುಡು ಎಂದಿತು. ನಾನು ಅಂಗಳದಲ್ಲೇ ಕುಣಿದೆ. ಪಕ್ಕದ ಮನೆಯವರು ಬೇಲಿಯ ಮೇಲಿಂದ ನೋಡಿ, ನೀವು ಡಿಸ್ಚಾರ್ಜ್ ಆಗಿ ಬಂದಿರೆಂದು ತಿಳಿದು ಬೋರ್ಸೋಕ್ ಹಿಟ್ಟಿನುಂಡೆ ಕರಿದು ತಂದುಕೊಟ್ಟರು. ನಾನು ಬಾಯಿ ಬಿಡದೆ ತಿಂದೆ.

ಮರುದಿನ ನಿಮ್ಮ ಗೆಳೆಯ ತೋಕೋನ್ ಬಂದ. ಗೇಟಿನಿಂದಲೇ ಶುರು.

"ಅತ್ತಿಗೇ, ಚಾ ಇದೆಯಾ? ಇಲ್ಲಾ ಅಣ್ಣನ ಜತೆ ಅದನ್ನೂ ಬಿಷ್ಕೆಕ್‌ಗೆ ಕಳಿಸಿಬಿಟ್ರಾ?"

"ಚಾ ಇದೆ, ಕಾಯ್ಮಾಕ್ ಇಲ್ಲ. ನೀವು ಬರ್ತೀರ ಅಂತ ಗೊತ್ತಾಗಿ ಬಚ್ಚಿಟ್ಟಿದ್ದೀನಿ."

ಬಚ್ಚಿಟ್ಟದ್ದು ಎಲ್ಲಿ ಎಂದು ಅವನಿಗೆ ಗೊತ್ತೇ ಇದೆ. ತಾನೇ ಹೋಗಿ ತೆಗೆದುಕೊಂಡು ಬಂದು, ಕೆನೆಯಲ್ಲಿ ಮೀಸೆ ಮುಳುಗಿಸಿ ಕೂತು ವಿಷಯ ತೆಗೆದ. ಈ ಸಲದ ಜೀಪು ಕೂಟ ಸೆಪ್ಟೆಂಬರ್ ಹದಿಮೂರು, ಶನಿವಾರ, ಅದೇ ಸೋಂಗ್-ಕೋಲ್ ಸರೋವರದ ದಡದಲ್ಲಿ. ಮೂರು ಜೀಪಿನಲ್ಲಿ ನೀವಿಬ್ಬರೂ ಶುರುಮಾಡಿದ್ದು ಈ ವರ್ಷ ನಲವತ್ತೆರಡಕ್ಕೆ ಮುಟ್ಟಿದೆಯಂತೆ. ತಲಾಸ್‌ನಿಂದ ಆರು, ಓಶ್‌ನಿಂದ ಹನ್ನೊಂದು. ಓಶ್‌ನವರು ಅಕ್ಕಿ ತರುತ್ತಾರೆ, ಕುರಿ ನಮ್ಮದು.

"ಹವಾ ಹೇಗಿರತ್ತಂತೆ?" ಎಂದು ಕೇಳಿದೆ.

"ರೇಡಿಯೋದವನು ಹಿಮ ಅಂತಾನೆ, ನನ್ನ ಮಂಡಿ ಬಿಸಿಲು ಅಂತದೆ. ನಾನು ಯಾವತ್ತೂ ಮಂಡಿ ಮಾತೇ ಕೇಳೋದು."

"ಹೋದ ವರ್ಷ ನಿಮ್ಮ ಮಂಡಿ ಮಾತು ಕೇಳಿ ಹದಿನೇಳು ಜೀಪು ಕೆಸರಲ್ಲಿ ಹೂತುಹೋಗಿದ್ವು."

"ಅದು ಎಡಗಡೆ ಮಂಡಿ, ಅತ್ತಿಗೆ. ಈ ಸಲ ಬಲಗಡೇದು ಹೇಳ್ತಿರೋದು."

ನಕ್ಕು ನಕ್ಕು ಆದ ಮೇಲೆ ಮುಖ ಗಂಭೀರ ಮಾಡಿಕೊಂಡ. "ಹಿಮದಲ್ಲಿ ಘಾಟಿ ಇಳಿದ ಆ ದಿನಕ್ಕೆ ಈ ಸಲ ಇಪ್ಪತ್ತೈದು ವರ್ಷ ಆಗತ್ತೆ. ಅಣ್ಣ ಇಲ್ಲ ಅಂತ ಆ ಕಥೆ ಇಲ್ಲದೇ ಹೋದ್ರೆ ಕೂಟಕ್ಕೆ ಏನು ಬೆಲೆ? ನೀವೇ ಹೇಳಬೇಕು. ನೀವೂ ಜೀಪಲ್ಲೇ ಇದ್ರಲ್ಲ. ಅಣ್ಣ ಹೇಳೋ ಥರಾನೇ ಹೇಳಿ, ತೋಳಗಳನ್ನ ಮಾತ್ರ ಮರೀಬೇಡಿ. ಜೀಪನ್ನ ನನ್ನ ತಮ್ಮ ಓಡಿಸ್ಕೊಂಡು ಬರ್ತಾನೆ, ನೀವು ಪಕ್ಕದಲ್ಲಿ ರಾಣಿ ಹಾಗೆ ಕೂತ್ಕೊಂಡು ಬನ್ನಿ."

"ಜೀಪು ನಾನೇ ಓಡಿಸ್ಕೊಂಡು ಬರ್ತೀನಿ."

ಅವನು ನಕ್ಕ ನಗುವಿಗೆ ಚಹಾ ಮೂಗಿಗೆ ಹತ್ತಿತು. "ಮೋಲ್ಡೋ ಘಾಟೀನಾ? ಮೂವತ್ತಮೂರು ತಿರುವಾ? ನೀವಾ?"

"ನಾನೇ. ನಾನು ಹಾಲಿನ ಲಾರಿ ಓಡಿಸ್ತಿದ್ದಾಗ ನೀವಿನ್ನೂ ಕತ್ತೆ ಮೇಲೆ ಓಡಾಡ್ತಿದ್ರಿ ತೋಕೋನ್."

ಅವನು ಮೂಗು ಒರೆಸಿಕೊಂಡ. ಕಥೆಯ ವಿಷಯಕ್ಕೆ ಮಾತ್ರ ನೋಡೋಣ ಎಂದಷ್ಟೇ ಹೇಳಿ ಕಳಿಸಿದೆ.

ನಿಮ್ಮ ಕಥೆ ನನಗೆ ಬಾಯಿಪಾಠ. ಎಂಬತ್ತೊಂಬತ್ತರ ಸೆಪ್ಟೆಂಬರು. ಪಶುವೈದ್ಯ ಸಾಗಿನ್, (ಗಂಡನ ಹೆಸರು ಬಾಯಲ್ಲಿ ಹೇಳಬಾರದು, ಬರೆದರೆ ದೋಷವಿಲ್ಲ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು, ಅವರಿಗೆ ಬರೆಯಲು ಬರುತ್ತಿರಲಿಲ್ಲ) ಸೂಜಿ ಕುದಿಸಿ ಕೊಡಲು ಹೆಂಡತಿಯನ್ನು ಕೂರಿಸಿಕೊಂಡು, ಕುರಿಗಳಿಗೆ ಚುಚ್ಚುಮದ್ದು ಹಾಕಲು ಸರೋವರದ ದಡಕ್ಕೆ ಹೋಗಿರುತ್ತಾನೆ. ಅಲ್ಲಿ ಕುರುಬರ ಡೇರೆಯಲ್ಲಿ ಇಪ್ಪತ್ತು ವರ್ಷದ ಸೋನುನ್‌ಗೆ ದಿನ ತುಂಬುವ ಮೊದಲೇ ನೋವು ಬರುತ್ತದೆ. ಅವಳ ಗಂಡ ತಪ್ಪಿಸಿಕೊಂಡ ಕುದುರೆಗಳ ಹಿಂದೆ ಹೋಗಿದ್ದಾನೆ, ಅತ್ತೆ ಕೆಳಗೆ ಊರಿನಲ್ಲಿದ್ದಾಳೆ, ಹಿಮ ಬೀಳತೊಡಗಿದೆ. ಸಾಗಿನ್ ಅವಳನ್ನು ಜೀಪಿನಲ್ಲಿ ಮಲಗಿಸಿ, ರಸ್ತೆಯೇ ಕಾಣದ ಮೋಲ್ಡೋ ಘಾಟಿಯನ್ನು ಇಳಿಸುತ್ತಾನೆ. ಹದಿನೇಳನೆಯ ತಿರುವಿನಲ್ಲಿ, ಹಿಂದಿನ ಸೀಟಿನಲ್ಲಿ, ಅವನ ಹೆಂಡತಿ ಝೂರಾ ಮಗುವನ್ನು ಹಿಡಿದು ಹೊಕ್ಕುಳಬಳ್ಳಿ ಕೊಯ್ಯುತ್ತಾಳೆ. ಮೊದಲ ವರ್ಷ ಹೇಳಿದಾಗ ಒಂದು ತೋಳ ಅಡ್ಡ ಬಂದಿತ್ತು. ಹೋದ ವರ್ಷ ಎಣಿಸಿದೆ, ಒಂಬತ್ತು. ಕಥೆ ಮುಗಿದಾಗ ಆ ಮಗು, ಈಗ ಮಕ್ಕಳಿಗೆ ಭೂಗೋಳ ಕಲಿಸುವ ಬಾರ್ಚಿನ್ ಮೇಡಂ, ಎದ್ದು ಬಂದು ನನ್ನ ತಲೆಗೆ ಬಿಳಿ ಸ್ಕಾರ್ಫ್ ಕಟ್ಟಿ "ನನ್ನ ಹೊಕ್ಕುಳಮ್ಮ" ಅನ್ನುತ್ತಾಳೆ. ಎಲ್ಲರೂ ಒಟ್ಟಿಗೆ ಹಾರ್ನ್ ಹೊಡೆಯುತ್ತಾರೆ, ಸರೋವರದ ಬಾತುಕೋಳಿಗಳು ಹಾರಿಹೋಗುತ್ತವೆ.

ಎಲ್ಲ ಸರಿ. ಆದರೆ ಸ್ಟೀರಿಂಗ್ ಹಿಡಿದವಳು ನಾನು. ಬಳ್ಳಿ ಕೊಯ್ದವರು ನೀವು. ಕೋಳಿ ಕೊಯ್ಯುವಾಗಲೂ ಮುಖ ತಿರುಗಿಸುವ ನಾನು ಆವತ್ತು ರಕ್ತ ನೋಡಿ ಬಾಗಿಲು ಹಿಡಿದುಕೊಂಡು ಓಲಾಡುತ್ತಿದ್ದೆ, ನೀವು "ಮುಂದೆ ಹೋಗಿ ಕೂರು, ನೀನು ಓಡಿಸು, ಕುದುರೆಮರಿ ಹಿಡಿದ ಕೈ ಇದು" ಎಂದು ತೋಳು ಮಡಚಿದಿರಿ. ಊರಿನ ಸೇತುವೆ ಬಂದಾಗ ಸೋನುನ್ ಮಗುವನ್ನು ಎದೆಗೆ ಒತ್ತಿಕೊಂಡು ಅತ್ತಳು. ಪರಗಂಡಸು ಹೆರಿಗೆ ಮಾಡಿಸಿದನೆಂದು ಅತ್ತೆಗೆ ಗೊತ್ತಾದರೆ ನಾನು ಆ ಮನೆಯ ಹೊಸ್ತಿಲು ತುಳಿಯುವ ಹಾಗಿಲ್ಲ ಎಂದಳು. ಸೇತುವೆಯ ಮೇಲೇ ನಾವಿಬ್ಬರೂ ಸೀಟು ಬದಲಾಯಿಸಿಕೊಂಡೆವು. ಅವತ್ತಿನಿಂದ ಯಾರಿಗೂ ಅನುಮಾನ ಬರಬಾರದೆಂದು ನಾನು ಸ್ಟೀರಿಂಗ್ ಮುಟ್ಟಲಿಲ್ಲ. ಆಮೇಲೆ ಮೂರು ಮನೆಯವರು ಹೆರಿಗೆಗೆ ಕರೆಯಲು ಬಂದಾಗ ಮೂರು ಸಲವೂ ನನಗೆ ಸರಿಯಾದ ಹೊತ್ತಿಗೆ ಜ್ವರ ಬಂದದ್ದು ನಿಮಗೆ ನೆನಪಿರಬೇಕು.

ಈಗ ನಲವತ್ತೆರಡು ಜೀಪಿನ ಮುಂದೆ ನಿಂತು ನಿಮ್ಮ ಹಾಗೆ ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ನಡೆದ ಹಾಗೆ ಹೇಳಿದರೆ ನಿಮ್ಮ ಮರ್ಯಾದೆಯ ಗತಿಯೇನು, ಸೋನುನ್‌ಳ ಗತಿಯೇನು? ನಿಮ್ಮ ಮಾತಿಲ್ಲದೆ ನಾನು ಬಾಯಿ ಬಿಡುವುದಿಲ್ಲ. ಬೇಗ ಬರೆಯಿರಿ. ಆಸ್ಪತ್ರೆಯ ಗಂಜಿ ಬೇಡವೆಂದು ನರ್ಸ್ ಜತೆ ಜಗಳವಾಡಬೇಡಿ.

ಇಂತಿ,
ನಿಮ್ಮ ಝೂರಾ


ಜಾಂಗಿ-ತಲಾಪ್,
3 ಸೆಪ್ಟೆಂಬರ್ 2014, ಬುಧವಾರ

ಯಜಮಾನರಿಗೆ ಸಲಾಮು.

ಇನ್ನೂ ನಿಮ್ಮ ಉತ್ತರವಿಲ್ಲ. ಅಂಚೆಯವನನ್ನು ದಿನಾ ಕೇಳಿ ಕೇಳಿ, ಈಗ ಅವನು ನಮ್ಮ ಮನೆ ಬಂದರೆ ಸೈಕಲ್ ಜೋರಾಗಿ ತುಳಿಯುತ್ತಾನೆ. ನೀವು ಕೋಪಿಸಿಕೊಂಡಿದ್ದೀರೋ, ಇಲ್ಲ ಕನ್ನಡಕ ಮತ್ತೆ ದಿಂಬಿನ ಕೆಳಗೆ ಮುರಿದಿದೆಯೋ, ದೇವರೇ ಬಲ್ಲ. ನಿಮ್ಮ ಉತ್ತರ ಬರುವ ಮುಂಚೆಯೇ ಇನ್ನೊಂದು ಕಾಗದ ಬರೆಯುತ್ತಿರುವುದಕ್ಕೆ ಕಾರಣ ಸೋನುನ್.

ಆದರೆ ಮೊದಲು ಜೀಪಿನ ಸುದ್ದಿ ಹೇಳದಿದ್ದರೆ ನೀವು ಮುಂದೆ ಓದುವುದಿಲ್ಲ. ಈಗ ಎರಡನೆಯ ಗೇರಿನಲ್ಲೂ ಸಲೀಸಾಗಿ ಹತ್ತುತ್ತದೆ. ಕೂಟದ ಕುಮಿಸ್ ಬಟ್ಟಲಿನ ಪಂದ್ಯಕ್ಕೆ ಅಭ್ಯಾಸ ಮಾಡುತ್ತಿದ್ದೇನೆ. ಬಾನೆಟ್ಟಿನ ಮೇಲೆ ಹುಳಿಬಂದ ಕುದುರೆ ಹಾಲು ತುಂಬಿದ ಬಟ್ಟಲು ಇಟ್ಟು ಕಾಲುವೆ ದಾಟಬೇಕು, ತುಳುಕಬಾರದು. ಮೊದಲ ದಿನ ಬಟ್ಟಲೇ ಕಾಲುವೆಗೆ ಹೋಯಿತು. ಎರಡನೆಯ ದಿನ ಅರ್ಧ ಉಳಿಯಿತು. ನೆನ್ನೆ ಮುಕ್ಕಾಲು ಪಾಲು ಉಳಿಸಿದೆ. ಬೇಲಿಯ ಮೇಲೆ ಕೂತು ನೋಡುವವರ ಸಾಲು ದಿನದಿಂದ ದಿನಕ್ಕೆ ಉದ್ದವಾಗುತ್ತಿದೆ. ಮೊದಲು ನಗುತ್ತಿದ್ದರು, ಈಗ ಪಂಥ ಕಟ್ಟುತ್ತಿದ್ದಾರೆ. ಉಳಿದ ಕುಮಿಸ್ ನಾನೇ ಕುಡಿಯುವುದರಿಂದ ಮೂರನೆಯ ಸುತ್ತಿನ ಮೇಲೆ ಕಾಲುವೆ ಅಗಲವಾಗಿ ಕಾಣುತ್ತದೆ.

ಹವಾ ಮಾತ್ರ ಕೈಗೆ ಸಿಗುತ್ತಿಲ್ಲ. ಸೋಮವಾರ ಸುಡುಬಿಸಿಲು, ಮಂಗಳವಾರ ಆಲಿಕಲ್ಲು. ಮೇಲಿರುವ ಕುರುಬರಿಗೆ ಫೋನು ಮಾಡಿದರೆ ಒಬ್ಬ ಆಕಾಶ ಕನ್ನಡಿಯ ಹಾಗಿದೆ ಅನ್ನುತ್ತಾನೆ, ಅವನ ಪಕ್ಕದ ಡೇರೆಯವನು ಕಣ್ಣು ಬಿಡಲಾಗದಷ್ಟು ಮಂಜು ಅನ್ನುತ್ತಾನೆ. ಇಬ್ಬರೂ ಒಂದೇ ಆಕಾಶದ ಕೆಳಗಿದ್ದಾರೆ, ಒಬ್ಬನು ಬೆಳಗ್ಗೆ ಎದ್ದವನು, ಇನ್ನೊಬ್ಬ ಮಧ್ಯಾಹ್ನ ಎದ್ದವನು. ಕುದುರೆಗಳ ಮೈರೋಮ ಈ ಸಲ ಬೇಗ ದಟ್ಟವಾಗಿದೆ, ಅದನ್ನು ನೋಡಿದರೆ ಹಿಮ ಬೇಗ ಬೀಳುತ್ತದೆ ಅನ್ನಿಸುತ್ತದೆ. ಘಾಟಿ ಮುಚ್ಚಿಬಿಟ್ಟರೆ ಕೂಟವೇ ಇಲ್ಲ, ಇನ್ನು ಬರುವ ವರ್ಷಕ್ಕೇ. ಇಷ್ಟು ವರ್ಷ ನೀವು ಎಳೆದುಕೊಂಡು ಹೋಗುತ್ತಿದ್ದಿರಿ ಎಂದು ಬರುತ್ತಿದ್ದೆನೆಂದು ತಿಳಿದಿದ್ದೆ. ಈಗ ನೋಡಿದರೆ ಬೆಳಗ್ಗೆ ಎದ್ದೊಡನೆ ನಾನು ನೋಡುವುದು ಹಸುವನ್ನಲ್ಲ, ಘಾಟಿಯ ಕಡೆಯ ಮೋಡವನ್ನು.

ಈಗ ಸೋನುನ್. ಭಾನುವಾರ ಬಂದಳು, ಕೈಯಲ್ಲಿ ಏಪ್ರಿಕಾಟ್ ಜಾಮಿನ ದೊಡ್ಡ ಡಬ್ಬಿ. ತೋಕೋನ್ ಊರೆಲ್ಲ ಡಂಗುರ ಹೊಡೆದಿದ್ದಾನೆ, ಈ ಸಲ ಝೂರಾ ಕಥೆ ಹೇಳುತ್ತಾಳೆಂದು. ಸೋನುನ್ ಹಾಸಿನ ಮೇಲೆ ಕಾಲು ನೀಡಿ ಕೂತು ನನ್ನನ್ನೇ ನೋಡಿದಳು.

"ಯಾವ ಕಥೆ ಹೇಳ್ತೀರಿ ಅಕ್ಕ? ಅವರದಾ, ನಮ್ಮದಾ?"

ನಾನು ಉಪ್ಪು ಹಾಕಿದ ಚಹಾಕ್ಕೆ ಮತ್ತೆ ಉಪ್ಪು ಹಾಕಿದೆ. ಅವಳು ಮುಂದುವರಿಸಿದಳು. "ನಮ್ಮತ್ತೆ ಫೆಬ್ರವರೀಲಿ ಹೋದ್ರು. ತೊಂಬತ್ತೊಂದು ವರ್ಷ. ಕೊನೇ ದಿನದವರೆಗೂ ನಾನು ಅವರ ಮುಂದೆ ತಲೆ ಎತ್ತಿ ಮಾತಾಡಲಿಲ್ಲ. ಅವರ ನಲವತ್ತನೇ ದಿನದ ಊಟ ಆದ ಮೇಲೆ ನಾನು ಏನು ಮಾಡಿದೆ ಗೊತ್ತಾ? ನಮ್ಮೆಜಮಾನ್ರನ್ನ ಕೂರಿಸಿ ಎಲ್ಲಾ ಹೇಳಿಬಿಟ್ಟೆ."

"ಅಯ್ಯೋ! ಏನಂದ್ರು?"

"ಏನಂತಾರೆ? ಚಾ ಬಟ್ಟಲು ಕೆಳಗಿಟ್ರು. ಆಮೇಲೆ, 'ಸಾಗಿನ್ ಅಣ್ಣ ನಮ್ಮ ಕೆಂಪು ಕುದುರೆಗೂ ಹೆರಿಗೆ ಮಾಡಿಸಿದ್ರು, ಅದೂ ಚೆನ್ನಾಗೇ ಆಗಿತ್ತು' ಅಂದ್ರು. ಇಪ್ಪತ್ತೈದು ವರ್ಷ ನಾನು ನಡುಗಿದ್ದು ಇದಕ್ಕಾ ಅಕ್ಕ! ಚಪ್ಪಲಿ ತಗೊಂಡು ಹೊಡೀಬೇಕು ಅನ್ನಿಸ್ತು."

ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಹೊರಡುವಾಗ ಬಾಗಿಲಲ್ಲಿ ನಿಂತು, ಹೇಳಿಬಿಡಿ ಅಕ್ಕ, ನನ್ನ ಕಡೆಯಿಂದ ಏನೂ ಅಡ್ಡಿಯಿಲ್ಲ ಎಂದಳು. ಆ ಹಿಮದಲ್ಲಿ ನೀವು ಹಲ್ಲು ಕಚ್ಚಿಕೊಂಡು ಸ್ಟೀರಿಂಗ್ ತಿರುಗಿಸುತ್ತಿದ್ದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ, ಬೇರೆಯವರಿಗೂ ಗೊತ್ತಾಗಲಿ ಎಂದಳು. ಬಾರ್ಚಿನ್‌ಗೆ ಹೇಳಿದ್ದೀಯಾ ಎಂದು ಕೇಳಿದೆ. ಅದು ನಿಮ್ಮ ಕೆಲಸ, ನನ್ನದಲ್ಲ ಎಂದು ಜಾಮಿನ ಡಬ್ಬಿಯ ಮುಚ್ಚಳ ವಾಪಸ್ ಕೊಡಲು ನೆನಪಿಸಿ ಹೋದಳು.

ಇನ್ನು ಉಳಿದವರು ನೀವು. ಗಂಡಸರ ಸಾಲಿನಲ್ಲಿ ನಿಮ್ಮ ತಲೆ ತಗ್ಗಿಸಲು ನನಗೆ ಇಷ್ಟವಿಲ್ಲ. ಹತ್ತೊಂಬತ್ತು ವರ್ಷದಿಂದ ನೀವು ಆ ಕಥೆ ಹೇಳುವಾಗ ಕಲ್ಪಾಕ್ ಟೋಪಿಯನ್ನು ಹಿಂದಕ್ಕೆ ತಳ್ಳಿ ಒಂದು ಕೈಯಲ್ಲಿ ಗಾಳಿಯಲ್ಲೇ ಗೇರು ಹಾಕುತ್ತೀರಲ್ಲ, ಅದನ್ನು ನೋಡಲೆಂದೇ ತಲಾಸ್‌ನವರು ಬರುತ್ತಾರೆ. ಅದನ್ನೂ ನಾನೇ ಕಿತ್ತುಕೊಂಡರೆ ಹೇಗೆ? ಒಂದೇ ಸಾಲು ಬರೆಯಿರಿ, ಬೇಡ ಎಂದಾದರೆ ಬೇಡ. ನಾನು ತೋಳಗಳ ಜತೆಗೇ ಹೇಳಿಬಿಡುತ್ತೇನೆ, ಹತ್ತನೆಯದನ್ನೂ ಸೇರಿಸುತ್ತೇನೆ.

ನಿಮ್ಮ ದಾರಿ ನೋಡುತ್ತಾ,
ಝೂರಾ


ಜಾಂಗಿ-ತಲಾಪ್,
11 ಸೆಪ್ಟೆಂಬರ್ 2014, ಗುರುವಾರ ಮಧ್ಯಾಹ್ನ

ಯಜಮಾನರಿಗೆ ಸಲಾಮು, ಜತೆಗೆ ಒಂದು ಬೈಗುಳ.

ನಿಮ್ಮ ಕಾಗದ ನೆನ್ನೆ ಬಂತು. ನಾನು ಎಂಟು ಪುಟ ಬರೆದರೆ ನೀವು ನಾಲ್ಕು ಸಾಲು! "ನಡೆದ ಹಾಗೆಯೇ ಹೇಳು. ಎಲ್ಲರ ಮುಂದೆ ಹೇಳು. ಇಳಿಜಾರಿನಲ್ಲಿ ಕ್ಲಚ್ ಒತ್ತಬೇಡ. ಹಿಂದಿನ ಎಡ ಗಾಲಿಯಲ್ಲಿ ಗಾಳಿ ಸ್ವಲ್ಪ ಕಡಿಮೆ ಇರಲಿ." ನಾಲ್ಕರಲ್ಲಿ ಎರಡು ಸಾಲು ಜೀಪಿಗೆ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಅರ್ಧ ಪಾಲು ಜೀಪಿನದೆಂದು ನನಗೆ ಮೊದಲೇ ಗೊತ್ತಿತ್ತು, ಈಗ ನೀವೇ ಬರೆದುಕೊಟ್ಟಿರಿ. ಆದರೂ ಆ ಕಾಗದವನ್ನು ಅಂಗಿಯೊಳಗೆ ಇಟ್ಟುಕೊಂಡು ಓಡಾಡುತ್ತಿದ್ದೇನೆ.

ಹವಾ ಕೇಳಿ. ಸೋಮವಾರ ಸಂಜೆ ಘಾಟಿಯ ನೆತ್ತಿ ಬೆಳ್ಳಗಾಯಿತು. ನನ್ನ ಎದೆ ಒಡೆಯಿತು ಅಂದುಕೊಳ್ಳಿ. ಮಂಗಳವಾರ ಬಿಸಿಲು ಬಂದು ಅರ್ಧ ಕರಗಿಸಿತು, ಬುಧವಾರ ಮತ್ತೆ ಮೋಡ. ಇವತ್ತು ಬೆಳಗ್ಗೆ ತೋಕೋನ್ ಓಡಿಬಂದ. ರೇಡಿಯೋದವನು ಶನಿವಾರ ಬಿಸಿಲು ಅನ್ನುತ್ತಿದ್ದಾನಂತೆ, ಆದರೆ ಈಗ ಮಂಡಿ ಹಿಮ ಅನ್ನುತ್ತಿದೆಯಂತೆ.

"ಈಗ ಯಾರ ಮಾತು ಕೇಳೋದು ಹೇಳಿ ಅತ್ತಿಗೆ?"

"ಇಬ್ರದ್ದೂ ಬೇಡ. ಗಾಲಿಗೆ ಸರಪಳಿ ಕಟ್ಟಿಕೊಂಡು ಹೋಗೋಣ."

"ಈ ಮಾತು ಅಣ್ಣ ಇದ್ದಿದ್ರೆ ಅವರೇ ಹೇಳ್ತಿದ್ರು."

"ಅವರಿಗೆ ಕಲಿಸಿಕೊಟ್ಟಿದ್ದು ಯಾರು ಅಂತ ಶನಿವಾರ ಗೊತ್ತಾಗತ್ತೆ ತಡೀರಿ."

ಅವನು ಹುಬ್ಬು ಗಂಟಿಕ್ಕಿಕೊಂಡು ಹೋದ. ಹೋಗುತ್ತಾ ಎಲ್ಲರಿಗೂ ಸುದ್ದಿ ಮುಟ್ಟಿಸಿದ್ದಾನೆ, ಸರಪಳಿ ಇಲ್ಲದ ಜೀಪು ಹೊರಡುವ ಹಾಗಿಲ್ಲ ಎಂದು. ಓಶ್‌ನ ಹನ್ನೊಂದು ಜೀಪು ಆಗಲೇ ಹೊರಟಿವೆ. ತಲಾಸ್‌ನವರು ನಾರಿನ್ ತಲುಪಿ, ಯಾರದೋ ಮನೆಯ ಹಿತ್ತಲಲ್ಲಿ ಡೇರೆ ಹಾಕಿ ಹಾಡುತ್ತಿದ್ದಾರಂತೆ. ಹಿಮವೋ ಬಿಸಿಲೋ ಅವರಿಗೆ ಎರಡೂ ಒಂದೇ. ಅವರ ಉತ್ಸಾಹ ಕೇಳಿ ನನಗೂ ಮೈಯಲ್ಲಿ ಹದಿನೆಂಟು ವರ್ಷದ ಬಿಸಿ ಬಂದಿದೆ.

ಇಲ್ಲಿ ಸಿದ್ಧತೆ ಜೋರು. ಎರಡು ಬಕೆಟ್ ಬೋರ್ಸೋಕ್ ಕರಿದಾಯಿತು. ಒಣಮೊಸರಿನ ಕುರುತ್ ಉಂಡೆ ಒಂದು ಚೀಲ, ಸೋನುನ್‌ಳ ಜಾಮು, ಹಸುವಿನ ಕೆನೆ ಎರಡು ಡಬ್ಬಿ. ಸ್ಟೆಪ್ನಿಗೆ ಗಾಳಿ ಹಾಕಿಸಿದೆ. ಸಲಿಕೆ, ಹಗ್ಗ, ಜ್ಯಾಕು, ಎರಡು ಹಲಗೆ. ನಿಮ್ಮ ಹಳೆಯ ಚರ್ಮದ ಕೋಟು ತೊಟ್ಟು ನೋಡಿದೆ, ತೋಳು ಮಂಡಿಯವರೆಗೆ ಬಂತು, ಮಡಚಿಕೊಂಡು ಸ್ಟೀರಿಂಗ್ ಹಿಂದೆ ಕೂತೆ. ಎತ್ತರ ಸಾಲದೆಂದು ಕೆಳಗೆ ದಿಂಬು ಇಟ್ಟೆ. ಕನ್ನಡಿಯಲ್ಲಿ ಮುಖ ನೋಡಿಕೊಂಡರೆ, ನಿಜ ಹೇಳುತ್ತೇನೆ, ನನಗೆ ನಾನೇ ಇಷ್ಟವಾದೆ. ಕುಮಿಸ್ ಬಟ್ಟಲು ನೆನ್ನೆ ಒಂದು ಹನಿ ತುಳುಕದೆ ಕಾಲುವೆ ದಾಟಿತು, ಬೇಲಿಯ ಮೇಲಿದ್ದವರೆಲ್ಲ ಶಿಳ್ಳೆ ಹಾಕಿದರು. ಪಂದ್ಯದಲ್ಲಿ ಗೆಲ್ಲುವ ಕುರಿಯನ್ನು ನೀವು ಬರುವವರೆಗೆ ಕೊಯ್ಯುವುದಿಲ್ಲ.

ಬಾರ್ಚಿನ್ ಇನ್ನೇನು ಬರುತ್ತಾಳೆ, ಎರಡು ದಿನ ರಜೆ ಹಾಕಿದ್ದಾಳಂತೆ. ಸರಪಳಿ ಕಟ್ಟಲು ಅವಳು ಬೇಕು. ಈ ಕಾಗದವನ್ನು ನಾಳೆ ಬೆಳಗಿನ ಬಿಷ್ಕೆಕ್ ವ್ಯಾನಿನ ಡ್ರೈವರ್ ಕೈಯಲ್ಲಿ ಕಳಿಸುತ್ತೇನೆ, ಅಂಚೆಗೆ ಹಾಕಿದರೆ ಹಿಮ ಬಿದ್ದ ಮೇಲೆ ಸಿಗುತ್ತದೆ.

ಶನಿವಾರ ಬೆಳಗ್ಗೆ ಹನ್ನೊಂದಕ್ಕೆ ಘಾಟಿಯ ಬುಡದಲ್ಲಿರುತ್ತೇನೆ. ಆ ಹೊತ್ತಿಗೆ ಎರಡೂ ಅಂಗೈ ಎತ್ತಿ ನನಗಾಗಿ ಒಂದು ಪ್ರಾರ್ಥನೆ ಮಾಡಿ. ದೇವರು ನಿಮ್ಮ ಮೂಳೆಯನ್ನು ಹೊಸ ಆಕ್ಸಲ್ ಹಾಗೆ ಗಟ್ಟಿ ಮಾಡಲಿ. ನಿಮ್ಮ ಊಟ ಬಿಸಿಯಾಗಿರಲಿ, ನಿದ್ದೆ ಸುಖವಾಗಿರಲಿ, ಪಕ್ಕದ ಹಾಸಿಗೆಯವನ ಗೊರಕೆ ನಿಲ್ಲಲಿ. ಬೇಗ ಮನೆಗೆ ಬನ್ನಿ. ಪಕ್ಕದ ಸೀಟು ನಿಮಗಾಗಿ ಒರೆಸಿಟ್ಟಿರುತ್ತೇನೆ.

ನಿಮ್ಮವಳೇ ಆದ,
ಝೂರಾ

ತಾ. ಕ. ಲಕೋಟೆ ಅಂಟಿಸಿದ್ದೆ. ಈಗ ಸಂಜೆ ಮತ್ತೆ ಕಿತ್ತು ಬರೆಯುತ್ತಿದ್ದೇನೆ.

ನಿಮ್ಮ ನಾಲ್ಕು ಸಾಲಿನಲ್ಲಿ ಮೊದಲ ಎರಡನ್ನು ಎಷ್ಟು ಸಲ ಓದಿದೆನೋ. ಹತ್ತೊಂಬತ್ತು ವರ್ಷ ಹೇಳಿದ ಕಥೆಯನ್ನು ಇಷ್ಟು ಸುಲಭವಾಗಿ ಬಿಟ್ಟುಕೊಟ್ಟಿರಲ್ಲ ಎಂದು ಮೊದಲು ಆಶ್ಚರ್ಯವಾಯಿತು, ಆಮೇಲೆ ನನ್ನ ಮೇಲೆ ನನಗೇ ನಾಚಿಕೆಯಾಯಿತು. "ಎಲ್ಲರ ಮುಂದೆ ಹೇಳು" ಎಂದು ನೀವು ಯಾಕೆ ಬರೆದಿರಿ ಎಂದು ಹೊಳೆಯಿತು. ಆ ಎಲ್ಲರಲ್ಲಿ ಬಾರ್ಚಿನ್ ಕೂಡ ಇರುತ್ತಾಳೆ, ನೀವು ಈ ದಿನಕ್ಕಾಗಿ ಕಾಯುತ್ತಿದ್ದಿರಿ.

ನಿಮ್ಮ ಮರ್ಯಾದೆಗೆ ಹೆದರುತ್ತೇನೆಂದು ಎರಡು ಕಾಗದ ತುಂಬ ಬರೆದೆ. ಅದು ಸುಳ್ಳು. ನಮ್ಮ ಮನೆಯಲ್ಲಿ ತೊಟ್ಟಿಲು ಆಡಲಿಲ್ಲ. ಆ ಹುಡುಗಿ ಪುಟ್ಟ ಕಾಲಿನಲ್ಲಿ ಓಡಿಬಂದು ನನ್ನನ್ನು ಹೊಕ್ಕುಳಮ್ಮ ಅಂದಾಗ, ಅದು ನಿಮಗೆ ಸೇರಬೇಕಾದದ್ದೆಂದು ಗೊತ್ತಿದ್ದೂ ಎರಡೂ ಕೈಯಲ್ಲಿ ಬಾಚಿಕೊಂಡೆ. ನೀವು ನನ್ನಿಂದ ತೆಗೆದುಕೊಂಡದ್ದು ಒಂದು ಘಾಟಿ. ನಾನು ತೆಗೆದುಕೊಂಡದ್ದು ಮಗಳನ್ನು. ವರ್ಷ ವರ್ಷವೂ ಅವಳು ನನ್ನ ತಲೆಗೆ ಸ್ಕಾರ್ಫ್ ಕಟ್ಟುವ ಹೊತ್ತಿಗೆ ಸರಿಯಾಗಿ ನೀವು ರೇಡಿಯೇಟರ್ ನೀರು ನೋಡಿ ಬರುತ್ತೇನೆಂದು ಎದ್ದು ಹೋಗುತ್ತಿದ್ದಿರಿ. ರೇಡಿಯೇಟರಿನಲ್ಲಿ ನೀರು ಇರುತ್ತಿತ್ತು, ಬೆಳಗ್ಗೆ ತುಂಬಿಸಿದವಳು ನಾನೇ. ಬಳ್ಳಿ ಕೊಯ್ದವರ ಗುಣ ಮಗುವಿಗೆ ಬರುತ್ತದೆಂದು ಊರವರು ಅವಳ ಹಟವನ್ನೆಲ್ಲ ನನ್ನ ಲೆಕ್ಕಕ್ಕೆ ಹಾಕುತ್ತಾರೆ. ಭಾರ ಎತ್ತುವ ಮುಂಚೆ ಅವಳು ತುಟಿ ಕಚ್ಚಿ ಸಣ್ಣಗೆ ಗುನುಗುತ್ತಾಳೆ, ಹಸುವಿನ ಕಿವಿಯಲ್ಲಿ ಏನೋ ಹೇಳಿ ಆಮೇಲೆ ಕೆಚ್ಚಲಿಗೆ ಕೈ ಹಾಕುತ್ತಾಳೆ. ಅದು ಯಾರ ಗುಣವೆಂದು ನನಗೆ ಗೊತ್ತಿತ್ತು, ಯಾರಿಗೂ ಹೇಳಲಿಲ್ಲ.

ನಲವತ್ತೆರಡು ಜೀಪಿನ ನಡುವೆ ನಿಂತು ಅವಳು ಇದನ್ನು ಮೊದಲ ಸಲ ಕೇಳುವುದು ಬೇಡ ಅನ್ನಿಸಿತು. ಇವತ್ತು ಮೂರು ಗಂಟೆಗೆ ಅಂಗಳದಲ್ಲಿ ಸರಪಳಿ ಕಟ್ಟುತ್ತಿದ್ದಾಗ ಎಲ್ಲ ಹೇಳಿದೆ. ಅವಳು ಸರಪಳಿ ಕೆಳಗಿಟ್ಟಳು. ತೊಟ್ಟಿಯಲ್ಲಿ ಕೈ ತೊಳೆದಳು, ಒರೆಸಿಕೊಂಡಳು, ಮತ್ತೆ ತೊಳೆದಳು.

"ನನಗೆ ಹೇಳ್ತಿದ್ದೀರಿ ಅಂತ ದೊಡ್ಡಪ್ಪಂಗೆ ಗೊತ್ತಾ?" ಎಂದಳು.

"ಇಲ್ಲ" ಎಂದೆ.

"ನಾಳೆ ಮೊದಲನೇ ವ್ಯಾನು ಎಷ್ಟು ಹೊತ್ತಿಗೆ?"

ಕೂಟಕ್ಕೆ ಬರುವುದಿಲ್ಲವಂತೆ. ಅವಳು ಮತ್ತೆ ಕೂತು, ಬಿಟ್ಟ ಸರಪಳಿಯನ್ನು ಕೊನೆಯ ಕೊಂಡಿಯವರೆಗೆ ಬಿಗಿದು, ಎಳೆದು ನೋಡಿ, ಅವರಮ್ಮನ ಮನೆಗೆ ಹೊರಟಳು. ಬೆಳಗ್ಗೆ ಬಂದು ಕಾಗದ ತಗೊಂಡು ಹೋಗ್ತೀನಿ ಎಂದಷ್ಟೇ ಹೇಳಿದಳು. ನನ್ನನ್ನು ಏನೆಂದೂ ಕರೆಯಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ಇದೇ ಮೊದಲು. ನೋವಾಯಿತು, ಮುಚ್ಚಿಡುವುದಿಲ್ಲ. ಆದರೆ ಹೇಳಿದ್ದಕ್ಕೆ ಪಶ್ಚಾತ್ತಾಪವಿಲ್ಲ. ಶನಿವಾರ ಬಿಸಿಲು ಬರಲಿ, ಹಿಮ ಬೀಳಲಿ, ನಾನು ಘಾಟಿ ಹತ್ತುತ್ತೇನೆ, ನಡೆದ ಹಾಗೆಯೇ ಹೇಳುತ್ತೇನೆ.

ನಿಮಗೆ ಈ ಲಕೋಟೆ ಕೊಟ್ಟ ನರ್ಸ್, ಯಾರೋ ಊರಿನಿಂದ ತಂದರು ಎಂದಿರುತ್ತಾಳೆ. ತಂದವಳು ಬಾರ್ಚಿನ್. ನೀವು ಓದಿ ಮುಗಿಸುವವರೆಗೆ ಒಳಗೆ ಹೋಗಬೇಡವೆಂದು ನಾನೇ ಹೇಳಿ ಕಳಿಸುತ್ತಿದ್ದೇನೆ. ಬಾಗಿಲ ಹೊರಗೆ ನಿಂತಿದ್ದಾಳೆ, ಒಳಗೆ ಕರೆಯಿರಿ.